ಪ್ರಭುದೇವರ ಶೋಕ ಮತ್ತು ಶಿವಯೋಗ

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಲ್ಲಮಪ್ರಭುದೇವರನ್ನು ನಾವು ಕಲ್ಯಾಣದ ಶೂನ್ಯಸಿಂಹಾಸನವನ್ನು ಅಲಂಕರಿಸಿದ ಪರಮವಿರಾಗಿಗಳೆಂದು ಸ್ಮರಿಸುತ್ತೇವೆ. ಆ ಪೀಠವನ್ನೇರುವ ಮೊದಲು ಅವರು ಶೋಕದಿಂದ ಮೈಮರೆತು ಅಲೆದಿದ್ದರೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅದನ್ನು ಮರೆಮಾಚದೆ ಹೇಳಿದವನು ಪ್ರಭುದೇವರ ರಗಳೆಯನ್ನು ರಚಿಸಿದ ಹರಿಹರ ಮಹಾಕವಿ. ಇದೇ ಕವಿಯ ಬಸವರಾಜದೇವರ ರಗಳೆಯನ್ನು ಸಂಪಾದಿಸಿಕೊಟ್ಟ ಆಚಾರ್ಯ ತ.ಸು. ವೆಂಕಣ್ಣಯ್ಯನವರು (1885–1939) ನಮ್ಮ ತಳಕಿನವರು. ಹರಿಹರನ ಕಾವ್ಯವನ್ನು ನಾವು ಮನೆಯ ಮಾತೆಂಬಂತೆ ಓದಲು ಆ ನಂಟೂ ಒಂದು ಕಾರಣ.

ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಲ್ಲಮರ ಜನ್ಮಸ್ಥಳ. ಅವರು ಮದ್ದಳೆಯ ವಾದನದಲ್ಲಿ ನಿಪುಣರು. ಕಾಮಲತೆಯೆಂಬ ಚೆಲುವೆಯನ್ನು ಒಲಿದು, ಅವಳೊಡನೆ ಸುಖವಾಗಿದ್ದರು. ಆಕೆ ಜ್ವರಕ್ಕೆ ತುತ್ತಾಗಿ ಹಠಾತ್ತನೆ ತೀರಿಕೊಂಡಳು. ಅಲ್ಲಮರು ದಿಕ್ಕುಗೆಟ್ಟು ಊರೂ ಕಾಡೂ ಎನ್ನದೆ ತಿರುಗಿದರು.

ಒಂದು ದಿನ ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಗೀರುತ್ತಿದ್ದಾಗ ಮಣ್ಣಿನೊಳಗೆ ಕಳಸವೊಂದು ಕಂಡಿತು. ಅಗೆಸಿದರೆ ಹುಗಿದುಹೋಗಿದ್ದ ದೇಗುಲ. ಬಾಗಿಲನ್ನು ಒದ್ದು ತೆರೆದು ಒಳಹೊಕ್ಕರು. ಅಲ್ಲಿ ಅನಿಮಿಷಯ್ಯನು ಅಂಗೈಯ ಲಿಂಗದಲ್ಲಿ ಎವೆಯಿಕ್ಕದ ನೋಟವನ್ನು ನೆಟ್ಟು ಕುಳಿತಿದ್ದನು. ಉಪದೇಶದ ಮಾತಿಲ್ಲ, ಸಾಂತ್ವನದ ನುಡಿಯಿಲ್ಲ. ಆ ಲಿಂಗವು ಅಲ್ಲಮರ ಕೈಸೇರಿತು. ಗುರುವಿನ ಪ್ರಾಣವು ಬಯಲಾಯಿತು.

ಈ ಪ್ರಸಂಗವನ್ನು ನಾವು ನಿಧಾನವಾಗಿ ಮನನ ಮಾಡಬೇಕು. ಶೋಕವು ಮನಸ್ಸಿನಲ್ಲಿ ಮಾತ್ರ ನೆಲೆಸುವುದಲ್ಲ. ನಿದ್ರೆ ಕೆಡುತ್ತದೆ, ಅನ್ನ ಸೇರುವುದಿಲ್ಲ, ಎದೆ ಬಿಗಿಯುತ್ತದೆ, ನೋಟ ಒಂದೆಡೆ ನಿಲ್ಲುವುದಿಲ್ಲ. ಅಲ್ಲಮರಿಗೆ ದೊರೆತ ಸಾಧನವೂ ಅಂಗದ ಮೂಲಕವೇ ಬಂದಿತು: ಕೈಗೆ ಲಿಂಗ, ಕಣ್ಣಿಗೆ ನೆಲೆ. ನೆಟ್ಟಗೆ ಕುಳಿತು ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲಿಸಿದಾಗ ಉಸಿರು ತಾನಾಗಿ ಮಂದವಾಗುತ್ತದೆ. ಉಸಿರಿನ ಹಿಂದೆ ಮನಸ್ಸೂ ತಗ್ಗುತ್ತದೆ. ನಿಧಾನವಾದ ಉಸಿರಾಟವು ನರಗಳ ಮೂಲಕ ಹೃದಯದ ಬಡಿತವನ್ನು ಶಾಂತಗೊಳಿಸುವುದೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಹಾಗೆಂದು ದೇಹವನ್ನು ಕಲ್ಲಾಗಿಸುವುದು ಶಿವಯೋಗವಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನು ತನ್ನ ವಜ್ರಕಾಯದ ಹೆಮ್ಮೆಯಿಂದ ಪ್ರಭುದೇವರ ಮುಂದೆ ನಿಲ್ಲುತ್ತಾನೆ. ಕತ್ತಿಯ ಹೊಡೆತಕ್ಕೆ ಅವನ ಮೈ ಖಣಿಲೆಂದು ಸದ್ದುಮಾಡುತ್ತದೆ. ಪ್ರಭುದೇವರ ಮೈಯಲ್ಲಿ ಅದೇ ಕತ್ತಿ ಬಯಲಿನಲ್ಲಿ ಹಾದಂತೆ ಹಾದುಹೋಗುತ್ತದೆ. ಸಾವಾದ ಮನೆಯಲ್ಲಿ ಅಳಬೇಡ, ಮನಸ್ಸು ಗಟ್ಟಿ ಮಾಡಿಕೊ ಎಂದು ನಾವು ಒಳ್ಳೆಯ ಮಾತೆಂದೇ ಹೇಳುತ್ತೇವೆ. ಗಟ್ಟಿಯಾದದ್ದು ಪೆಟ್ಟನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಈ ಪ್ರಸಂಗದಿಂದ ಅರಿಯಬೇಕು.

ಅಲ್ಲಮರ ನೋವು ವ್ಯರ್ಥವಾಗಲಿಲ್ಲ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಮುಕ್ತಾಯಕ್ಕನು ಪ್ರಲಾಪಿಸುತ್ತಿದ್ದಾಗ ಅವಳ ಬಳಿಗೆ ಬಂದವರು ಪ್ರಭುದೇವರೇ. ಅವರು ಅವಳ ಅಳುವನ್ನು ಗದರಿಸಿ ನಿಲ್ಲಿಸಲಿಲ್ಲ. ಯಾರಿಗಾಗಿ ಈ ದುಃಖವೆಂದು ಕೇಳಿದರು, ಅವಳು ವಾದಿಸಿದಾಗ ಆಲಿಸಿದರು, ಮತ್ತೆ ಕೇಳಿದರು. ಆ ದೀರ್ಘ ಸಂವಾದದ ಕೊನೆಗೆ ಅಜಗಣ್ಣನ ಅರಿವು ತನ್ನಲ್ಲಿಯೇ ಉಳಿದಿದೆಯೆಂಬುದು ಅವಳಿಗೆ ತಿಳಿಯಿತು. ತಾನು ಬೆಂದವನಿಗೆ ಮಾತ್ರ ಇಂತಹ ತಾಳ್ಮೆ ಸಾಧ್ಯವೆಂದು ನಮಗೆ ತೋರುತ್ತದೆ.

ಮುಂದೆ ಸೊನ್ನಲಿಗೆಯ ಸಿದ್ಧರಾಮರನ್ನು ಕಂಡು, ಕಲ್ಯಾಣದಲ್ಲಿ ಶರಣರಿಗೆ ದಾರಿತೋರಿ, ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂಬುದು ಶರಣಪರಂಪರೆಯ ನಂಬಿಕೆ.

ಮಳೆ ಕೈಕೊಟ್ಟ ವರ್ಷಗಳನ್ನೂ ಸಾಲದ ಭಾರವನ್ನೂ ಅಕಾಲ ಮರಣಗಳನ್ನೂ ಕಂಡ ಸೀಮೆ ನಮ್ಮದು. ನೊಂದವರು ನಿತ್ಯವೂ ಕೆಲಹೊತ್ತು ಲಿಂಗಪೂಜೆಯಲ್ಲಿ ಕುಳಿತುಕೊಳ್ಳಲಿ. ನೆರೆಯವರು ಅವರ ಬಳಿ ಕುಳಿತು ಆಲಿಸಲಿ. ವಾರಗಳು ಕಳೆದರೂ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಗರಿಗೆ ಮಾನಸಿಕ ಚಿಕಿತ್ಸೆ ತಲುಪಿಸುವ ಪ್ರಯೋಗ ನಡೆಸಿ, ಅದು ದೇಶಕ್ಕೆ ಮಾದರಿಯಾಯಿತು. ಔಷಧಕ್ಕೂ ಪೂಜೆಗೂ ವಿರೋಧವಿಲ್ಲ. ಅಂಗವನ್ನು ಕಡೆಗಣಿಸಿ ಲಿಂಗವನ್ನು ಕಾಣಲಾಗದೆಂಬುದೇ ಶರಣರ ನಿಲುವು.