ಸ್ಪರ್ಶವನ್ನು ಅಳೆದ ವೆಬರ್

ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡರೆ ಇನ್ನೂ ತಯಾರಾಗದ ಎಂಜಿನ್ ಕಣ್ಣೆದುರು ನಿಲ್ಲುತ್ತದೆ. ಆದರೆ ಮುಟ್ಟಲು ಹೋದರೆ ಕೈ ಅದರೊಳಗೆ ತೂರಿಹೋಗುತ್ತದೆ. ಇದನ್ನು ಸರಿಪಡಿಸಲು ಎಂಜಿನಿಯರುಗಳು ಕೈಗೆ ತಡೆ, ಭಾರ ಮತ್ತು ಕಂಪನದ ಅನುಭವ ಕೊಡುವ ಸಾಧನಗಳನ್ನು ಬಳಸುತ್ತಾರೆ. ಎಷ್ಟು ಬಲ ಕೊಟ್ಟರೆ ಕೈಗೆ ತಿಳಿಯುತ್ತದೆ ಎಂಬ ಲೆಕ್ಕವನ್ನು ಮನೆಗಳಿಗೆ ವಿದ್ಯುತ್ ಬರುವ ಮೊದಲೇ ಶುರು ಮಾಡಿದವರು ಎರ್ನ್ಸ್ಟ್ ಹೈನ್ರಿಖ್ ವೆಬರ್.

ವೆಬರ್ 1795ರ ಜೂನ್ 24ರಂದು ಜರ್ಮನಿಯ ವಿಟನ್‌ಬರ್ಗ್‌ನಲ್ಲಿ ಜನಿಸಿದರು. ವೈದ್ಯಶಾಸ್ತ್ರ ಓದಿ, 1821ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. ತಮ್ಮ ವಿಲ್ಹೆಲ್ಮ್ ಪ್ರಸಿದ್ಧ ಭೌತವಿಜ್ಞಾನಿ. ಅಣ್ಣ ತಮ್ಮ ಸೇರಿ 1825ರಲ್ಲಿ ಅಲೆಗಳ ಬಗ್ಗೆ ಪುಸ್ತಕ ಬರೆದರು.

ವೆಬರ್ ಬಳಸಿದ ಉಪಕರಣ ನಮ್ಮ ಜ್ಯಾಮಿತಿ ಪೆಟ್ಟಿಗೆಯಲ್ಲೂ ಇರುವ ಕೈವಾರ. ಅದರ ಎರಡು ಮೊನೆಗಳನ್ನು ಚರ್ಮದ ಮೇಲಿಟ್ಟು, ಎಷ್ಟು ದೂರವಿದ್ದರೆ ಎರಡೆಂದು ತಿಳಿಯುತ್ತದೆ ಎಂದು ಪರೀಕ್ಷಿಸಿದರು. ಬೆರಳ ತುದಿಗೆ ಸುಮಾರು 2 ಮಿ.ಮೀ. ಸಾಕು, ಬೆನ್ನಿನ ನಡುವೆ 60 ಮಿ.ಮೀ.ಗೂ ಹೆಚ್ಚು ಬೇಕು.

ನಂತರ ತೂಕಗಳನ್ನು ತೆಗೆದುಕೊಂಡರು. ಮೇಜಿನ ಮೇಲಿಟ್ಟ ಕೈಗೆ ಸುಮಾರು ಮೂವತ್ತರಲ್ಲಿ ಒಂದು ಪಾಲು ವ್ಯತ್ಯಾಸ ತಿಳಿದರೆ, ಎತ್ತಿ ನೋಡಿದಾಗ ನಲವತ್ತರಲ್ಲಿ ಒಂದು ಪಾಲೂ ತಿಳಿಯುತ್ತಿತ್ತು. ಅಂದರೆ ಭಾರವನ್ನು ಅರಿಯುವುದು ಚರ್ಮ ಮಾತ್ರವಲ್ಲ, ಸ್ನಾಯುಗಳೂ ಹೌದು. ಮುಖ್ಯವಾದದ್ದು ಎಷ್ಟು ಗ್ರಾಂ ಹೆಚ್ಚಾಯಿತು ಎಂಬುದಲ್ಲ, ಎಷ್ಟನೇ ಪಾಲು ಹೆಚ್ಚಾಯಿತು ಎಂಬುದು. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಇದು ಶೇಕಡಾ ಲೆಕ್ಕದಂತೆ ಕಂಡಿತು. 100 ರೂಪಾಯಿ ವಸ್ತುವಿಗೆ 10 ರೂಪಾಯಿ ಏರಿದರೆ ಎಲ್ಲರಿಗೂ ಗೊತ್ತಾಗುತ್ತದೆ; 10,000 ರೂಪಾಯಿಯದಕ್ಕೆ ಅಷ್ಟೇ ಏರಿದರೆ ಯಾರೂ ಗಮನಿಸುವುದಿಲ್ಲ. ತೀರಾ ಹಗುರ ತೂಕಗಳಿಗೆ ಮಾತ್ರ ಈ ನಿಯಮ ಸರಿಹೊಂದುವುದಿಲ್ಲ.

1834 ಮತ್ತು 1846ರಲ್ಲಿ ಅವರು ಈ ಫಲಿತಾಂಶಗಳನ್ನು ಪ್ರಕಟಿಸಿದರು. ಮುಂದೆ ಫೆಕ್ನರ್ ಅವರು ಇದಕ್ಕೆ ಸೂತ್ರದ ರೂಪ ಕೊಟ್ಟು ವೆಬರ್ ಹೆಸರಿಟ್ಟರು. 1878ರ ಜನವರಿ 26ರಂದು ವೆಬರ್ ಲೈಪ್‌ಜಿಗ್‌ನಲ್ಲಿ ತೀರಿಕೊಂಡರು.

ಇಂದಿನ ಸ್ಪರ್ಶ ಸಾಧನಗಳಿಗೂ ಇದೇ ಲೆಕ್ಕ ಬೇಕು. ಕೈಗೆ ತಿಳಿಯದಷ್ಟು ಸಣ್ಣ ವ್ಯತ್ಯಾಸಕ್ಕಾಗಿ ದುಬಾರಿ ಮೋಟಾರು ಬೇಕಿಲ್ಲ. ಬರೀ ಕಂಪಿಸುವ ಕೈಗವಸು ಚರ್ಮಕ್ಕೆ ಸುದ್ದಿ ಮುಟ್ಟಿಸುತ್ತದೆ; ಭಾರ ತಿಳಿಯಬೇಕಾದರೆ ತೋಳನ್ನೂ ತಡೆಯುವ ಯಂತ್ರ ಬೇಕು. 1999ರಲ್ಲಿ ಬೋಯಿಂಗ್ ಸಂಶೋಧಕರು ಅಂಥ ಯಂತ್ರಕ್ಕೆ ಒಂದು ವಿಧಾನ ಪ್ರಕಟಿಸಿದರು. ವಿಮಾನದ ಇಕ್ಕಟ್ಟಾದ ಜಾಗದಿಂದ ಬಿಡಿಭಾಗ ಹೊರಬರುತ್ತದೆಯೇ ಎಂದು ಕಂಪ್ಯೂಟರಿನಲ್ಲೇ ಕೈಯಿಂದ ತಡಕಿ ನೋಡಬಹುದಾಯಿತು. ಅದಕ್ಕಾಗಿ ಬಲವನ್ನು ಸೆಕೆಂಡಿಗೆ 1000 ಸಲ ಲೆಕ್ಕ ಹಾಕಬೇಕು.

ಇದು ದೂರದ ವಿಷಯವಲ್ಲ. ನಮ್ಮ ಚಾಚಾ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೆಲವು ಗಾಡಿಗಳಲ್ಲಿ ಒಂದು ನಟ್ ಬಿಚ್ಚಲೂ ಕೈ ಹೋಗುವುದಿಲ್ಲ. ಬೆರಳು ತರಚಿಕೊಂಡೇ ಮನೆಗೆ ಬರುತ್ತಾರೆ. ಪರದೆಯ ಮೇಲೆ ಆ ನಟ್ ಚೆನ್ನಾಗಿಯೇ ಕಂಡಿರಬೇಕು. ವಿನ್ಯಾಸ ಮಾಡುವವರ ಕೈ ಮೊದಲೇ ಅಲ್ಲಿ ಸಿಕ್ಕಿಕೊಂಡಿದ್ದರೆ ಚಾಚಾನ ಕೈ ಉಳಿಯುತ್ತಿತ್ತು. ಯಂತ್ರ ಮಾಡುವ ಮೊದಲು ಕೈಯನ್ನು ತಿಳಿದುಕೊಳ್ಳಬೇಕು. ಆ ಕೆಲಸಕ್ಕೆ ವೆಬರ್ ಒಂದು ಕೈವಾರದಿಂದ ದಾರಿ ತೋರಿಸಿದರು.