ದೀಪ ಹಿಡಿದ ಕೈಯಲ್ಲೇ ಲೇಖನಿ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಕೈದೀಪ ಹಿಡಿದು ಗಾಯಾಳುಗಳ ನಡುವೆ ನಡೆದಾಡುವ ದಾದಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ದೀಪ ಹಿಡಿದದ್ದು ಎರಡು ವರ್ಷವೂ ಇಲ್ಲ. ರೋಗಿಗಳ ಲೆಕ್ಕ ಬರೆಯುತ್ತ, ಬರೆಸುತ್ತ ಅವರು ಕಳೆದದ್ದು ದಶಕಗಳನ್ನು.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1820ರ ಮೇ 12ರಂದು ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಅವರಿಗೆ ಹುಟ್ಟಿದ ಊರೇ ಹೆಸರಾಯಿತು. ಎಳವೆಯಿಂದಲೂ ಗಣಿತದಲ್ಲಿ ಒಲವು. ದಾದಿಯಾಗುವ ಬಯಕೆಗೆ ಮನೆಯವರ ವಿರೋಧವಿತ್ತು. ಆಗ ಅದು ಮರ್ಯಾದಸ್ಥರ ವೃತ್ತಿಯಾಗಿರಲಿಲ್ಲ. ಆದರೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿದ್ದ, ಅಸ್ವಸ್ಥ ಮಹಿಳೆಯರ ಪುಟ್ಟ ಶುಶ್ರೂಷಾಲಯವೊಂದರ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಇಂದಿನ ಮಾತಿನಲ್ಲಿ ಅದೊಂದು ನರ್ಸಿಂಗ್ ಹೋಂ. ಮಹಡಿಗಳಿಗೆ ಬಿಸಿನೀರಿನ ಕೊಳವೆ, ಊಟ ಮೇಲೇರಿಸುವ ಯಂತ್ರ, ರೋಗಿ ಕರೆದರೆ ಕೇಳಿಸುವ ಗಂಟೆ, ಇವೆಲ್ಲ ಅವರ ಏರ್ಪಾಡು. ಜತೆಗೆ, ರೋಗಿಗಳ ಸ್ಥಿತಿ ಹಾಗೂ ಖರ್ಚುವೆಚ್ಚದ ವಿವರವನ್ನು ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿಗೆ ಬರೆದು ಒಪ್ಪಿಸುತ್ತಿದ್ದರು.

ಕ್ರಿಮಿಯಾ ಯುದ್ಧದ ಹೊತ್ತಿಗೆ, 1854ರ ನವೆಂಬರಿನಲ್ಲಿ, 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ತಲುಪಿದರು. ಅಲ್ಲಿನ ಕೊಳಕಿನಷ್ಟೇ ಅವರನ್ನು ಕಂಗೆಡಿಸಿದ್ದು ಕಾಗದಪತ್ರಗಳ ಅವ್ಯವಸ್ಥೆ. ಸತ್ತ ಸೈನಿಕರ ಲೆಕ್ಕವನ್ನು ಮೂರು ಕಡೆ ಇಡಲಾಗುತ್ತಿತ್ತು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಮಣ್ಣಾದವರ ಸಂಖ್ಯೆಯೇ ಒಂದು, ವೈದ್ಯರ ಪಟ್ಟಿಯೇ ಇನ್ನೊಂದು. ಎಷ್ಟು ಮಂದಿ ಸತ್ತರೆಂಬುದೇ ತಿಳಿಯದ ಕಡೆ ಏಕೆ ಸತ್ತರೆಂದು ಕೇಳುವುದಾದರೂ ಹೇಗೆ?

ಉತ್ತರ ಸಿಕ್ಕಿದ್ದು ಊರಿಗೆ ಮರಳಿದ ಮೇಲೆ. ಅಂಕಿಅಂಶ ತಜ್ಞ ವಿಲಿಯಂ ಫಾರ್ ಜತೆ ಕುಳಿತು ಲೆಕ್ಕ ಹಾಕಿದಾಗ, ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಅನೇಕ ಪಟ್ಟು ಹೆಚ್ಚು ಎಂಬುದು ಸ್ಪಷ್ಟವಾಯಿತು. ಕಹಿಯಾದ ಸಂಗತಿ ಮತ್ತೊಂದಿತ್ತು. ತಾವು ಹಗಲಿರುಳು ದುಡಿದ ಸ್ಕುಟಾರಿಯಲ್ಲಿ ಸಾವಿನ ಪ್ರಮಾಣ ಯುದ್ಧಭೂಮಿಯ ಆಸ್ಪತ್ರೆಗಳಿಗಿಂತ ಹೆಚ್ಚಿತ್ತು. ಕಟ್ಟಡದಡಿಯ ಕಟ್ಟಿಕೊಂಡ ಚರಂಡಿಗಳನ್ನು 1855ರ ವಸಂತದಲ್ಲಿ ಶುಚಿಗೊಳಿಸಿದ ಬಳಿಕವೇ ಅದು ಗಣನೀಯವಾಗಿ ಇಳಿದಿತ್ತು. ಈ ಅಂಕಿಗಳನ್ನು ಅವರು ಮುಚ್ಚಿಡಲಿಲ್ಲ. 1858ರಲ್ಲಿ ಬಣ್ಣದ ವೃತ್ತಚಿತ್ರಗಳಾಗಿ ಮುದ್ರಿಸಿ ಅಧಿಕಾರಸ್ಥರ ಮುಂದಿಟ್ಟರು. ಅದೇ ವರ್ಷ ಲಂಡನ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯಾದರು.

1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ, ಎಲ್ಲ ಆಸ್ಪತ್ರೆಗಳಿಗೂ ಒಂದೇ ಬಗೆಯ ದಾಖಲೆ ನಮೂನೆಯನ್ನು ಸೂಚಿಸಿದರು. ದಾಖಲಾದವರು, ಗುಣವಾದವರು, ಗುಣವಾಗದೆ ಹೊರಟವರು, ಮೃತರು, ಉಳಿದವರು, ಸರಾಸರಿ ಎಷ್ಟು ದಿನ ಇದ್ದರು ಎಂಬುದಷ್ಟೇ ಮೂಲ ಪ್ರಶ್ನೆಗಳು. ಲಂಡನ್ನಿನ ಕೆಲವು ದೊಡ್ಡ ಆಸ್ಪತ್ರೆಗಳು ಒಪ್ಪಿಕೊಂಡವು. ಆದರೆ ರೋಗಗಳ ವರ್ಗೀಕರಣ ಜಟಿಲವಾಗಿತ್ತು, ತುಂಬಲು ಸಮಯ ಮತ್ತು ಹಣ ಎರಡೂ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ಮೂಲೆ ಸೇರಿತು. ಬರೆಯುತ್ತ ಕುಳಿತರೆ ರೋಗಿಯನ್ನು ನೋಡುವವರಾರು ಎಂಬ ದಾದಿಯರ ಅಳಲಿಗೆ ಅಷ್ಟು ವಯಸ್ಸಾಗಿದೆ.

ಆ ಅಳಲು ನೈಟಿಂಗೇಲ್‌ರಿಗೆ ಅಪರಿಚಿತವೇನಲ್ಲ. 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ಅವರು ಒತ್ತು ಕೊಟ್ಟದ್ದು ಬರವಣಿಗೆಗಿಂತ ಮೊದಲಿನ ಗಮನಕ್ಕೆ. ರೋಗಿ ಚೆನ್ನಾಗಿ ಮಲಗಿದನೇ ಎಂದು ಕೇಳಿದರೆ ಸಿಗುವ ಉತ್ತರ ನಿಷ್ಪ್ರಯೋಜಕ. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ನಿದ್ರಿಸಿದನೆಂದು ಕೇಳಬೇಕೆಂಬುದು ಅವರ ನಿಲುವು. ಸುಮ್ಮನೆ ವಿವರಗಳನ್ನು ಪೇರಿಸುವುದನ್ನು ಅವರು ಒಪ್ಪುತ್ತಿರಲಿಲ್ಲ.

ಭಾರತಕ್ಕೆ ಎಂದೂ ಬಾರದಿದ್ದರೂ ಇಲ್ಲಿನ ಸೇನಾ ನೆಲೆಗಳಿಗೆ ಪ್ರಶ್ನಾವಳಿ ಕಳುಹಿಸಿದರು. ಉತ್ತರ ಕೊಟ್ಟವುಗಳಲ್ಲಿ ಬೆಂಗಳೂರಿನ ದಂಡೂ ಒಂದು. ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂಬುದು ಆ ತನಿಖೆಯಿಂದ ಹೊರಬಿತ್ತು.

ದೀರ್ಘಕಾಲದ ಅನಾರೋಗ್ಯದ ನಡುವೆಯೂ ಮನೆಯಿಂದಲೇ ಬರೆಯುತ್ತಿದ್ದ ಅವರು ಕೊನೆಗೆ ದೃಷ್ಟಿ ಕಳೆದುಕೊಂಡರು. 1910ರ ಆಗಸ್ಟ್ 13ರಂದು ನಿಧನರಾದಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವವನ್ನು ಕುಟುಂಬದವರು ನಿರಾಕರಿಸಿದರು. ಈಸ್ಟ್ ವೆಲ್ಲೋ ಗ್ರಾಮದ ಕಲ್ಲಿನ ಮೇಲೆ ಅವರ ಬಗ್ಗೆ ಇರುವುದು ಎರಡು ಇನಿಷಿಯಲ್, ಹುಟ್ಟಿದ ದಿನಾಂಕ, ಸತ್ತ ದಿನಾಂಕ.