ಮಾತಿನ ಜಾಗ ಹುಡುಕಿದ ಡಾಕ್ಟರು ಪಾಲ್ ಬ್ರೋಕಾ

ಹೋದ ವರ್ಷ ಸುಗ್ಗಿ ಸಮಯದಲ್ಲಿ ನಮ್ಮ ತಾತನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತುಹೋಯಿತು. ಏನು ಕೇಳಿದರೂ ಬಾ ಬಾ ಅಂತ ಮಾತ್ರ ಅಂತಾರೆ. ನೋಡೋಕೆ ಬಂದವರಲ್ಲಿ ಕೆಲವರು ಬುದ್ಧಿ ಹೋಗಿದೆ ಅಂದರು, ಕೆಲವರು ಗಾಳಿ ಸೋಕಿದೆ ಅಂದರು. ತಾತನ ಮುಂದೆಯೇ ಹಾಗೆ ಅಂದರು. ನಾನು ಇದನ್ನು ವಿಜ್ಞಾನದ ಮೇಷ್ಟರಿಗೆ ಹೇಳಿದೆ. ಆಗ ಅವರು ಪಾಲ್ ಬ್ರೋಕಾ ಎಂಬ ವೈದ್ಯರ ವಿಷಯ ತಿಳಿಸಿದರು. ಅವರ ಜೀವನವನ್ನು ಇಲ್ಲಿ ಬರೆದಿದ್ದೇನೆ. ದಯವಿಟ್ಟು ಎಲ್ಲರೂ ಓದಿ.

ಜನನ ಮತ್ತು ವಿದ್ಯಾಭ್ಯಾಸ: ಪಾಲ್ ಬ್ರೋಕಾ ಅವರು 1824ನೇ ಇಸವಿ ಜೂನ್ 28ರಂದು ಫ್ರಾನ್ಸ್ ದೇಶದ ಒಂದು ಸಣ್ಣ ಊರಿನಲ್ಲಿ ಜನಿಸಿದರು. ಅವರ ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಡಾಕ್ಟರಾಗಿದ್ದವರು. ಬ್ರೋಕಾ ಓದಿನಲ್ಲಿ ತುಂಬಾ ಚುರುಕು. 17ನೇ ವಯಸ್ಸಿಗೇ ಪ್ಯಾರಿಸ್ ನಗರಕ್ಕೆ ಹೋಗಿ ವೈದ್ಯಕೀಯ ಕಾಲೇಜು ಸೇರಿದರು. 20ನೇ ವಯಸ್ಸಿಗೆ ಓದು ಮುಗಿಸಿದರು. ಮುಂದೆ ಆಪರೇಷನ್ ಮಾಡುವ ದೊಡ್ಡ ಡಾಕ್ಟರಾದರು. 1859ರಲ್ಲಿ ಮನುಷ್ಯರ ಬಗ್ಗೆ ಅಧ್ಯಯನ ಮಾಡುವ ಒಂದು ಸಂಘವನ್ನು ಪ್ಯಾರಿಸ್‌ನಲ್ಲಿ ಸ್ಥಾಪಿಸಿದರು.

ಆ ಕಾಲದಲ್ಲಿ ವಿಜ್ಞಾನಿಗಳಲ್ಲಿ ಒಂದು ಜಗಳ ನಡೆಯುತ್ತಿತ್ತು. ಮೆದುಳು ಪೂರ್ತಿ ಒಂದೇ ಆಗಿ ಕೆಲಸ ಮಾಡುತ್ತೋ, ಇಲ್ಲಾ ಒಂದೊಂದು ಕೆಲಸಕ್ಕೆ ಅದರಲ್ಲಿ ಒಂದೊಂದು ಜಾಗ ಇದೆಯೋ ಅನ್ನೋದೇ ಆ ಜಗಳ. ಯಾರ ಹತ್ತಿರವೂ ಸರಿಯಾದ ಸಾಕ್ಷಿ ಇರಲಿಲ್ಲ.

ಒಂದೇ ಮಾತಿನ ರೋಗಿ: 1861ರ ಏಪ್ರಿಲ್ ತಿಂಗಳಲ್ಲಿ ಬ್ರೋಕಾ ಇದ್ದ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯನ್ನು ಕಾಲಿನ ಕೀವಿಗಾಗಿ ಅವರ ಹತ್ತಿರ ಕಳುಹಿಸಿದರು. ಈ ಲೆಬೋರ್ನ್ ಮೊದಲು ಪಾದರಕ್ಷೆ ಹೊಲಿಯುವವರಿಗೆ ಬೇಕಾದ ಮರದ ಅಚ್ಚು ಮಾಡುತ್ತಿದ್ದರು. 30ನೇ ವಯಸ್ಸಿನಲ್ಲಿ ಅವರ ಮಾತು ಹೋಯಿತು. ಏನು ಕೇಳಿದರೂ ತಾನ್ ತಾನ್ ಅಂತ ಮಾತ್ರ ಹೇಳೋರು. ಅದಕ್ಕೇ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ತಾನ್ ಅಂತಲೇ ಕರೀತಿದ್ದರು. ಆಮೇಲೆ ಬಲಗೈ, ಬಲಗಾಲೂ ಬಿದ್ದುಹೋದವು.

ಬ್ರೋಕಾ ಅವರು ಈ ರೋಗಿಯನ್ನು ಹುಚ್ಚ ಅಂತ ತಳ್ಳಲಿಲ್ಲ. ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿದರು. ಆಸ್ಪತ್ರೆಗೆ ಬಂದು ಎಷ್ಟು ವರ್ಷ ಆಯಿತು ಅಂತ ಕೇಳಿದಾಗ ಲೆಬೋರ್ನ್ ಎಡಗೈಯ ಐದು ಬೆರಳನ್ನು ನಾಲ್ಕು ಸಲ ಬಿಚ್ಚಿ, ಕೊನೆಗೆ ಒಂದು ಬೆರಳು ತೋರಿಸಿದರು. ಅಂದರೆ 21 ವರ್ಷ. ಅದು ಸರಿಯಾಗೇ ಇತ್ತು! ಮಾತು ಮಾತ್ರ ಹೋಗಿದೆ, ತಿಳುವಳಿಕೆ ಇದೆ ಅಂತ ಬ್ರೋಕಾಗೆ ಗೊತ್ತಾಯಿತು.

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡರು. ಬ್ರೋಕಾ ಅವರ ಮೆದುಳನ್ನು ತೆಗೆದು ನೋಡಿದರು. ಎಡಭಾಗದಲ್ಲಿ, ಮುಂದುಗಡೆ, ಕೋಳಿಮೊಟ್ಟೆ ಹಿಡಿಸುವಷ್ಟು ಜಾಗ ಹಾಳಾಗಿ ಗುಳಿ ಬಿದ್ದಿತ್ತು. ಮಾರನೇ ದಿನವೇ ತಮ್ಮ ಸಂಘದಲ್ಲಿ ಅದನ್ನು ತೋರಿಸಿದರು. ಅದೇ ವರ್ಷ ಐದೇ ಐದು ಮಾತು ಆಡುತ್ತಿದ್ದ 84 ವರ್ಷದ ಇನ್ನೊಬ್ಬ ರೋಗಿಯ ಮೆದುಳಿನಲ್ಲೂ ಅದೇ ಕಡೆ ಪೆಟ್ಟಾಗಿತ್ತು. ಇಂಥ ಇನ್ನೂ ಕೆಲವು ರೋಗಿಗಳನ್ನು ನೋಡಿದ ಮೇಲೆ, 1865ರಲ್ಲಿ ಅವರು ನಾವು ಮಾತಾಡೋದು ಮೆದುಳಿನ ಎಡಭಾಗದಿಂದ ಎಂದು ತಿಳಿಸಿದರು. ಈಗ ಆ ಜಾಗಕ್ಕೆ ಬ್ರೋಕಾ ಪ್ರದೇಶ ಅಂತಲೇ ಹೆಸರು.

ಮೆದುಳಿನ ಎಡಭಾಗ ನಮ್ಮ ದೇಹದ ಬಲಭಾಗವನ್ನು ಆಡಿಸುತ್ತದೆ. ಆದ್ದರಿಂದಲೇ ಎಡಭಾಗಕ್ಕೆ ರಕ್ತ ನಿಂತರೆ ಎಷ್ಟೋ ಜನರಿಗೆ ಬಲಗೈಯೂ ಮಾತೂ ಒಟ್ಟಿಗೆ ಹೋಗುತ್ತವೆ. ಇದು ಗಾಳಿಯೂ ಅಲ್ಲ, ಮಾಟವೂ ಅಲ್ಲ.

ಅವರ ತಪ್ಪು: ಬ್ರೋಕಾ ತಪ್ಪನ್ನೂ ಮಾಡಿದರು. ತಲೆಬುರುಡೆ ಅಳೆದು, ಮೆದುಳು ತೂಕ ಮಾಡಿ, ಹೆಂಗಸರಿಗೆ ಮತ್ತು ಬೇರೆ ದೇಶದ ಕಪ್ಪು ಜನರಿಗೆ ಬುದ್ಧಿ ಕಡಿಮೆ ಎಂದು ಬರೆದರು. ಅದು ಸುಳ್ಳು ಎಂದು ಆಮೇಲೆ ವಿಜ್ಞಾನಿಗಳೇ ತೋರಿಸಿದ್ದಾರೆ. ನಮ್ಮ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫಸ್ಟ್ ಬರೋದು ಹುಡುಗೀರೇ. ದೊಡ್ಡವರು ಹೇಳಿದ್ದೆಲ್ಲಾ ಸರಿ ಇರಲ್ಲ, ಪರೀಕ್ಷೆ ಮಾಡಿ ನೋಡಬೇಕು ಅಂತ ಮೇಷ್ಟರು ಹೇಳಿದರು.

ಮರಣ: 1880ರಲ್ಲಿ ಬ್ರೋಕಾ ಫ್ರಾನ್ಸಿನ ಸೆನೆಟ್ ಸಭೆಗೆ ಸದಸ್ಯರಾದರು. ಅದೇ ವರ್ಷ ಜುಲೈ ತಿಂಗಳಲ್ಲಿ, 56ನೇ ವಯಸ್ಸಿನಲ್ಲಿ ನಿಧನರಾದರು. ಅವರು ಲೆಬೋರ್ನ್ ಮೆದುಳನ್ನು ಕೊಯ್ಯದೆ ಜೋಪಾನ ಮಾಡಿದ್ದರಿಂದ, 2007ರಲ್ಲಿ ವಿಜ್ಞಾನಿಗಳು ಅದನ್ನು ಸ್ಕ್ಯಾನ್ ಮಾಡಿ ಮತ್ತೆ ನೋಡಿದರು. ಪೆಟ್ಟು ಬ್ರೋಕಾ ಅಂದುಕೊಂಡಿದ್ದಕ್ಕಿಂತ ಇನ್ನೂ ಒಳಗೆ ಹೋಗಿತ್ತು.

ಇದನ್ನು ತಿಳಿದ ದಿನ ಸಂಜೆ ನಾನು ತಾತನ ಹತ್ತಿರ ಕೂತು, ನಮ್ಮ ಮನೇಲಿ ಕುರಿ ಎಷ್ಟಿವೆ ತಾತ ಅಂತ ಕೇಳಿದೆ. ತಾತ ಬಾ ಬಾ ಅಂದರು. ಬೆರಳಲ್ಲಿ ತೋರಿಸಿ ಅಂದೆ. ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದರು. ಸರಿಯಾಗಿ ನಾಲ್ಕೇ ಇವೆ. ಅಜ್ಜಿ ಅತ್ತುಬಿಟ್ಟರು. ಈಗ ಮನೇಲಿ ಎಲ್ಲರೂ ತಾತನನ್ನು ಕೇಳಿಯೇ ಕೆಲಸ ಮಾಡ್ತೀವಿ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥವರಿಗೆ ಮಾತು ಕಲಿಸ್ತಾರಂತೆ. ಅಪ್ಪ ಕರಕೊಂಡು ಹೋಗ್ತೀನಿ ಅಂದಿದ್ದಾರೆ.

ಸ್ನೇಹಿತರೇ, ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಿ. ಮಾತು ಬಾರದವರ ಮುಂದೆ ಅವರಿಗೆ ಬುದ್ಧಿ ಇಲ್ಲ ಅಂತ ಹೇಳಬೇಡಿ. ಅವರಿಗೆ ಕೇಳಿಸುತ್ತೆ.

– 7ನೇ ತರಗತಿ ವಿದ್ಯಾರ್ಥಿನಿ